ಚಿಲಕ ಹಾಕಬೇಕಿದ್ದ ದೃಶ್ಯ

ಹೊಲಿಗೆ ಅಂಗಡಿಯಲ್ಲಿ ದುಡಿಯುವ ಅವಳನ್ನು ನಾಟಕದ ತಂಡದವರು ಸೂಜಿಯಕ್ಕ ಎನ್ನುತ್ತಾರೆ. ಕೈಯಲ್ಲಿ ಸೂಜಿ, ಬಾಯಲ್ಲೂ ಅದೇ. ಹೆಸರು ಅಂಟಿಕೊಳ್ಳದೆ ಇರುತ್ತದೆಯೇ? ಮಗನೆಂದು ಬೆಳೆಸಿದ ಮನೆಯಿಂದ, ತಾನು ಮಗಳೆಂದು ಹೇಳಿಕೊಂಡ ದಿನವೇ ಹೊರಬಿದ್ದವಳು. ತಂಡದ ಉಳಿದವರೂ ಹೀಗೆ ಒಂದಲ್ಲ ಒಂದು ಬಾಗಿಲಿನಿಂದ ಹೊರಬಿದ್ದವರೇ. ತಮ್ಮ ಬದುಕನ್ನೇ ನಾಟಕ ಮಾಡುತ್ತಾರೆ. ನಾಟಕ ಮುಗಿದರೆ ಸೂಜಿಯಕ್ಕನಿಗೆ ಬಾಡಿಗೆಯ ಒಂದು ಕೋಣೆ, ಅಲ್ಲಿ ಊಟ ಆಯ್ತಾ ಎಂದು ಕೇಳುವ ನರಪಿಳ್ಳೆಯಿಲ್ಲ.

ತಂಡದಲ್ಲೊಂದು ಕಟ್ಟುಪಾಡಿದೆ: ಯಾರೂ ತಮ್ಮ ಪಾತ್ರವನ್ನು ತಾವೇ ಮಾಡುವಂತಿಲ್ಲ. ಹಿಂದೆ ಒಬ್ಬಳು ಹಾಗೆ ಮಾಡಲು ಹೋಗಿ ರಂಗದ ಮೇಲೇ ಕುಸಿದಿದ್ದಳು. ಹಾಗಾಗಿ ಸೂಜಿಯಕ್ಕನ ಪಾತ್ರ ಬ್ಯೂಟಿ ಪಾರ್ಲರ್ ಹುಡುಗಿಗೆ ಹೋಯಿತು. ಸೂಜಿಯಕ್ಕ ಅಮ್ಮನ ಪಾತ್ರವನ್ನು ಹಟ ಹಿಡಿದು ತೆಗೆದುಕೊಂಡಳು.

"ಬೇರೆ ಯಾರಾದ್ರೂ ಮಾಡ್ಲಿ ಬಿಡಮ್ಮ," ಎಂದರು ತಂಡ ನಡೆಸುವ ಮೇಷ್ಟ್ರು.

"ನಿಮ್ಮವರು ಚಿಲಕ ಧಡಾರಂತ ಹಾಕ್ತಾರೆ ಮೇಷ್ಟ್ರೇ. ನಮ್ಮಮ್ಮ ಸದ್ದೇ ಆಗದ ಹಾಗೆ ಹಾಕಿದ್ಲು. ನೂಕಿ ನೋಡಿದಾಗಲೇ ನನಗೆ ಗೊತ್ತಾಗಿದ್ದು."

ಪ್ರದರ್ಶನಕ್ಕೆ ಅಮ್ಮನನ್ನು ಹೇಗಾದರೂ ಕರೆತಾ ಎಂದು ತಂಗಿಗೆ ಫೋನಿನಲ್ಲಿ ಗೋಗರೆದಿದ್ದಳು. ಮೊದಲ ಸಾಲಿನ ಎರಡು ಕುರ್ಚಿಗಳಿಗೆ ಬೇರೆ ಯಾರೂ ಕೂರದಂತೆ ತನ್ನ ಅಳತೆಯ ಟೇಪು ಕಟ್ಟಿದಳು. ಪರದೆಯ ಸಂದಿಗೆ ಕಣ್ಣಿಟ್ಟು ಕಾದಳು. ತಂಗಿ ಬಂದು ಒಂದರಲ್ಲಿ ಕೂತಳು. ಇನ್ನೊಂದು ಖಾಲಿ ಉಳಿಯಿತು. ಸೂಜಿಯಕ್ಕನಿಗೆ ಅಳು ಬಂತು, ಬಣ್ಣ ಕೆಟ್ಟೀತೆಂದು ನುಂಗಿಕೊಂಡಳು.

ಬಾಗಿಲಿನ ದೃಶ್ಯ ಬಂತು. "ಅಮ್ಮಾ, ನಾನು ಕಣಮ್ಮ," ಎಂದು ಪಾರ್ಲರ್ ಹುಡುಗಿ ಆಚೆಯಿಂದ ಮೆಲ್ಲಗೆ ತಟ್ಟಿದಳು. ಹೀಗೇ ತಟ್ಟಬೇಕೆಂದು ಕಲಿಸಿದ್ದು ಸೂಜಿಯಕ್ಕನೇ. ಆದರೆ ಅಮ್ಮನ ಪಾತ್ರದ ಬೂದು ಶಾಲು ಹೊದ್ದು ಒಳಗಡೆ ನಿಂತು ಕೇಳಿದಾಗ ಚಿಲಕದ ಮೇಲಿದ್ದ ಕೈ ಕೆಳಗಿಳಿಯಿತು. ಅವಳು ಬಾಗಿಲು ತೆಗೆದುಬಿಟ್ಟಳು.

"ಒಳಗೆ ಬಾ. ಊಟ ಆಯ್ತಾ?"

ನಾಟಕದಲ್ಲಿ ಇಲ್ಲದ ಮಾತಿದು. ಹುಡುಗಿ ನಿಂತಲ್ಲೇ ಬಿಕ್ಕಿ ಬಿಕ್ಕಿ ಅತ್ತಳು. ಜನ ಎದ್ದು ಚಪ್ಪಾಳೆ ತಟ್ಟಿದರು.

ತೆರೆಯ ಹಿಂದೆ ಮೇಷ್ಟ್ರು ಕೆಂಡವಾಗಿದ್ದರು. "ನಡೆದದ್ದನ್ನ ಮಾತ್ರ ಆಡೋರು ನಾವು. ಹೀಗೆ ನಡೀತಾ?"

"ಇಲ್ಲ," ಎಂದಳು ಸೂಜಿಯಕ್ಕ.

ಅಷ್ಟರಲ್ಲಿ ತಂಗಿ ಬಣ್ಣದ ಕೋಣೆಗೆ ಬಂದಳು. "ಅಮ್ಮ ಬಂದಿದ್ಲು ಅಕ್ಕ. ಮುಂದೆ ಬಾ ಅಂದ್ರೆ ಒಪ್ಪಲಿಲ್ಲ, ಹಿಂದೆ ಗೋಡೆ ಹತ್ರ ನಿಂತಿದ್ಲು."

"ಎಲ್ಲಿದ್ದಾಳೆ ಈಗ?"

"ನೀನು ಚಿಲಕಕ್ಕೆ ಕೈ ಹಾಕಿದೆ ನೋಡು, ಆಗಲೇ ಹೊರಟ್ಬಿಟ್ಲು. ಈಗ ಬಸ್ಸಿಂದ ಫೋನ್ ಮಾಡಿದ್ಲು. 'ಮುಂದಿನದು ನನಗೆ ಗೊತ್ತು, ಇನ್ನೊಂದು ಸಲ ನೋಡೋಕಾಗಲ್ಲ' ಅಂದ್ಲು."

ಸೂಜಿಯಕ್ಕ ಶಾಲನ್ನು ತೆಗೆಯದೆ ಹಾಗೇ ಕೂತಳು.

"ಗೊತ್ತಿಲ್ಲ ಕಣೇ," ಎಂದಳು. "ಅವಳಿಗೆ ಗೊತ್ತಿಲ್ಲ."