ಅಕ್ಷತೆಯ ತಟ್ಟೆಗೆ ಬಿದ್ದ ಹಲ್ಲು

ಪುರೋಹಿತನಿಗೆ ಮುಂದಿನ ಹಲ್ಲು ಹೋದರೆ ಅರ್ಧ ಮಂತ್ರ ಹೋದ ಹಾಗೆ. ತ, ದ, ಸ ಎಲ್ಲ ಬರೀ ಗಾಳಿಯಾಗಿ ಹೊರಡುತ್ತವೆ. ಬೇಗಾರ್ ಹತ್ತಿರ ತಿರುವಿನಲ್ಲಿ ಸ್ಕೂಟರ್ ಜಾರಿ ನನ್ನ ಹಲ್ಲು ಮುರಿದಾಗ ಭಾವ ನಕ್ಕ: "ಇನ್ನು ಕಡಲೆ ಸಿಕ್ಕಿದ್ರೂ ಪ್ರಯೋಜನ ಇಲ್ಲ ಮಾರಾಯ." ನನಗೆ ಕಡಲೆಯ ಚಿಂತೆ ಇರಲಿಲ್ಲ. ಕೊಪ್ಪದ ಹತ್ತಿರದ ನಾರ್ವೆ ಎಂಬ ಊರಿನ ಒಂದು ಮನೆಯ ಚಿಂತೆ ಇತ್ತು. ಅಪ್ಪನ ಕಾಲದಿಂದ ಆ ಮನೆಯ ಶುಭಕಾರ್ಯಗಳೆಲ್ಲ ನಮ್ಮ ಕೈಯಲ್ಲೇ ನಡೆದಿದ್ದವು. ಅವರು ಕಟ್ಟಿಸುತ್ತಿದ್ದ ಹೊಸ ಮನೆಯ ಗೃಹಪ್ರವೇಶಕ್ಕೂ ನಾನೇ ಎಂದು ಮಾತಾಗಿತ್ತು.

ಕೊಪ್ಪದ ಹಲ್ಲಿನ ಡಾಕ್ಟರು ಉಳಿದ ಮೋಟು ಹಲ್ಲಿನ ಮೇಲೆ ಕ್ಯಾಪ್ ಕೂರಿಸಿದರು. ಹೊರಗೆ ಹಲ್ಲಿನ ಬಣ್ಣ, ಒಳಗೆ ಲೋಹ. ಅಂಟು ಹಾಕುವ ಮೊದಲು ಬಾಯಿಗೆ ಹತ್ತಿ ತುರುಕಿ, "ಉಗುಳು ತಾಗಿದ್ರೆ ಕೆಟ್ಟಿತು ಭಟ್ರೇ" ಎಂದರು. ಅವರ ಶಾಸ್ತ್ರದಲ್ಲೂ ಎಂಜಲು ಆಗದು ಎಂದು ತಿಳಿದು ನನಗೆ ಅವರ ಮೇಲೆ ಗೌರವ ಹುಟ್ಟಿತು.

ಕೆಲವು ತಿಂಗಳಾದ ಮೇಲೆ ಚಕ್ಕುಲಿ ಕಚ್ಚುವಾಗ ಕ್ಯಾಪ್ ಕಳಚಿತು. ಬಾಯಿಂದ ಬಿದ್ದದ್ದನ್ನು ಹಾಗೇ ಇನ್ನೊಬ್ಬರ ಕೈಗೆ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಹುಣಸೆಹಣ್ಣು, ಬೂದಿ ಹಾಕಿ, ಕಡ್ಡಿಗೆ ಬಟ್ಟೆ ಸುತ್ತಿ ಒಳಗನ್ನೂ ಉಜ್ಜಿದೆ. ದೇವರ ಪಾತ್ರೆಯ ಹಾಗೆ ಹೊಳೆಯಿತು. ಅವತ್ತು ಡಾಕ್ಟರ ಹತ್ತಿರ ಜನ ತುಂಬಿದ್ದರು. ಅವರು ಸರಿಯಾಗಿ ನೋಡದೆ ಅಂಟು ಹಚ್ಚಿ ಒತ್ತಿ ಕಳಿಸಿದರು.

ಗೃಹಪ್ರವೇಶದ ದಿನ "ಸ್ವಸ್ತಿ" ಎನ್ನುವಷ್ಟರಲ್ಲಿ ಕ್ಯಾಪ್ ಹಾರಿ ಅಕ್ಷತೆಯ ತಟ್ಟೆಗೆ ಬಿತ್ತು. ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ಯಜಮಾನರ ತಾಯಿ, "ಅಯ್ಯೋ, ಎಂಜಲಾಯ್ತಲ್ಲ! ಎಲ್ಲ ಮೊದಲಿಂದ ಆಗ್ಬೇಕು" ಎಂದರು. ಅಕ್ಷತೆ ಹೊರಗೆ ಹೋಯಿತು, ಅದರ ಹಿಂದೆ ನಾನೂ ಹೋದೆ. ಸಹಾಯಕ್ಕೆಂದು ನಾನೇ ಕರೆತಂದಿದ್ದ ಇನ್ನೊಬ್ಬ ಪುರೋಹಿತ ನನ್ನ ಮಣೆಯ ಮೇಲೆ ಕೂತ. ಹೊರಗೆ ಜಗಲಿಯಲ್ಲಿ ಅವನ ಸ್ಪಷ್ಟ ಉಚ್ಚಾರ ಕೇಳಿ ಕೇಳಿ ನನ್ನ ಹೊಟ್ಟೆ ಉರಿಯಿತು.

ಡಾಕ್ಟರು ಈ ಸಲ ಕ್ಯಾಪನ್ನು ಬೆಳಕಿಗೆ ಹಿಡಿದು ನೋಡಿದರು. "ಅಂಟು ಹಲ್ಲಿನ ಮೇಲೇ ಇದೆ. ಲೋಹದಿಂದ ಬಿಟ್ಟಿದೆ. ಲ್ಯಾಬಲ್ಲಿ ಮೆಷಿನ್ನಿಂದ ಒಳಗೆ ಮರಳು ಹೊಡೆಸಿ ಒರಟು ಮಾಡಿಸಿದ್ದೆ, ಒರಟಿದ್ರೇನೇ ಅಂಟಿಗೆ ಹಿಡಿತ. ಯಾರು ಇದನ್ನ ಹೀಗೆ ಉಜ್ಜಿದ್ದು?"

"ಎಂಜಲು ವಸ್ತು ನಿಮ್ಮ ಕೈಗೆ ಹ್ಯಾಗೆ ಕೊಡೋದು?" ಎಂದೆ.

ಅವರು ನಕ್ಕರು. ನನಗೆ ಮೈ ಉರಿಯಿತು. "ಅವತ್ತು ನಿಮಗ್ಯಾಕೆ ಕಾಣಲಿಲ್ಲ?" ಎಂದು ಕೇಳಿದೆ. ಅವರು ಕ್ಯಾಪನ್ನು ಲ್ಯಾಬಿಗೆ ಕಳಿಸುವ ಡಬ್ಬಿಗೆ ಹಾಕಿದರು. ಮಡಿಯೆಂದು ಉಜ್ಜಿದ್ದಕ್ಕೆ ಬಿತ್ತು, ಬಿದ್ದಿದ್ದಕ್ಕೆ ಮೈಲಿಗೆಯಾಯಿತು. ಈ ನ್ಯಾಯ ಯಾವ ಶಾಸ್ತ್ರದಲ್ಲಿದೆಯೋ ನನಗೆ ಇನ್ನೂ ಸಿಕ್ಕಿಲ್ಲ. ಅವರು ಮತ್ತೆ ಮರಳು ಹೊಡೆಸಿ ತರಿಸಿ ಕ್ಯಾಪ್ ಕೂರಿಸಿದರು.

ಮೊನ್ನೆ ಅದೇ ಮನೆಯ ಸತ್ಯನಾರಾಯಣ ಪೂಜೆಗೆ ನನಗೂ ಕರೆ ಬಂತು, ಊಟಕ್ಕೆ. ಪೂಜೆ ಆ ಇನ್ನೊಬ್ಬ ಪುರೋಹಿತನದು. ಬಡಿಸುತ್ತಾ ಬಂದ ಯಜಮಾನರು ಪಂಕ್ತಿಯವರೆಲ್ಲ ಕೇಳುವ ಹಾಗೆ, "ಹಲ್ಲು ಗಟ್ಟಿ ಇದ್ಯಾ ಭಟ್ರೇ?" ಎಂದರು.

"ಅಲ್ಲಾಡಲ್ಲ. ಬೇಕಾದ್ರೆ ಚಕ್ಕುಲಿ ಬಡಿಸಿ ನೋಡಿ."

"ಒಳ್ಳೇದಾಯ್ತು" ಎಂದು ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿ ಪಕ್ಕದ ಎಲೆಯತ್ತ ಬಗ್ಗಿದರು. ಅಲ್ಲಿ ಅವನು ಕೂತಿದ್ದ. "ಮಗನ ಉಪನಯನಕ್ಕೆ ಮುಹೂರ್ತ ನೀವೇ ನೋಡ್ಬೇಕು" ಎಂದರು.

ನಾನು ಹೋಳಿಗೆ ಕಚ್ಚಿದೆ. ಹಲ್ಲು ಹಿಡಿದುಕೊಂಡೇ ಇತ್ತು.