ಮುಟ್ಟಿ ನೋಡುವ ಗೋಡೆ

ಊರಿನ ಅರ್ಧ ಅಂಗಡಿಗಳ ಹೆಸರು ಬರೆದವನು ಅವನೇ. ಅಡಿಪಟ್ಟಿ ಇಲ್ಲದೆ ಬರಿಗೈಯಲ್ಲೇ ನೆಟ್ಟಗೆ ಗೀಟು ಎಳೆಯುತ್ತಾನೆಂದು ಎಲ್ಲರ ಬಾಯಲ್ಲೂ ಗೀಟಣ್ಣನಾಗಿಬಿಟ್ಟಿದ್ದ. ಫ್ಲೆಕ್ಸ್ ಬಂದ ಮೇಲೆ ಬ್ರಷ್ಷನ್ನು ಕೇಳುವವರು ಕಡಿಮೆಯಾದರು. ಐವತ್ತೆಂಟರ ವಯಸ್ಸಿಗೆ ಬಾಗಿಲ ಸಂಖ್ಯೆ, ಮೆಟ್ಟಿಲ ಬಳಿಯ ಬಾಣದ ಗುರುತು ಸಿಕ್ಕರೂ ಸಾಕು ಅನ್ನುವಂತಾಯಿತು. ಮದುವೆಯಾಗಿರಲಿಲ್ಲ. ಮನೆಯಲ್ಲಿದ್ದವಳು ಅಕ್ಕ ಒಬ್ಬಳೇ. ತಾಯಿ ತೀರಿಕೊಂಡಾಗ ಇವನಿಗೆ ಆರು, ಅವಳಿಗೆ ಹದಿನಾರು. ಎತ್ತಿ ಆಡಿಸಿ ಬೆಳೆಸಿದವಳು ಅವಳೇ. ಹನ್ನೊಂದು ವರ್ಷದ ಹಿಂದೆ ಅವಳ ಎರಡೂ ಕಣ್ಣು ಹೋದವು. ಬಾಯಿ ಮಾತ್ರ ಮೊದಲಿಗಿಂತ ಚುರುಕಾಯಿತು. ಅಂದಿನಿಂದ ತಮ್ಮನ ಒಂದು ಕೆಲಸವನ್ನೂ ಅವಳು ನೋಡಿರಲಿಲ್ಲ. ಆ ಮಾತನ್ನು ಇಬ್ಬರೂ ಎತ್ತುತ್ತಿರಲಿಲ್ಲ.

ಒಂದು ದಿನ ಭೌತವಿಜ್ಞಾನದ ಪ್ರಯೋಗಾಲಯದಲ್ಲಿ ಬಾಗಿಲ ಸಂಖ್ಯೆ ಬರೆಯುತ್ತಿದ್ದಾಗ ಹಿಂದೆ ಇಬ್ಬರು ಹೆಂಗಸರು ಬಂದು ನಿಂತರು. ಒಬ್ಬರು ಅಲ್ಲಿನ ವಿಜ್ಞಾನಿ. ಇನ್ನೊಬ್ಬರು ಶಿಲ್ಪಿ; ಸೂಕ್ಷ್ಮ ಕಣಗಳ ಕ್ವಾಂಟಂ ವಿಜ್ಞಾನ ಅನ್ನುವ ಕಬ್ಬಿಣದ ಕಡಲೆಯನ್ನು ಸಾಮಾನ್ಯ ಜನರಿಗೆ ಕಾಣಿಸುವ ಕೆಲಸಕ್ಕೆಂದು ಒಂದು ವರ್ಷಕ್ಕೆ ಅಲ್ಲಿಗೆ ಬಂದವರು. ಕೆಳಗಿನ ಹಜಾರದ ಉದ್ದನೆಯ ಬಿಳಿ ಗೋಡೆ ಅವರಿಗೆ ಸಿಕ್ಕಿತ್ತು. ಅದರ ಮೇಲೆ ಏನು ಮಾಡಬೇಕೆಂದು ಎರಡು ತಿಂಗಳಿಂದ ಇಬ್ಬರಿಗೂ ಜಗಳ.

"ನಿಮ್ಮ ಕೈ ನಡುಗಲ್ವಾ?" ಎಂದು ಶಿಲ್ಪಿ ಕೇಳಿದರು.

"ಅಕ್ಕ ಬೈದಾಗ ಮಾತ್ರ."

ವಿಜ್ಞಾನಿ ಅವನನ್ನು ಕತ್ತಲೆ ಕೋಣೆಗೆ ಕರೆದೊಯ್ದರು. ಬೆಳಕನ್ನು ಒಂದೊಂದೇ ಕಣವಾಗಿ ಎರಡು ಸಣ್ಣ ಸೀಳುಗಳ ಕಡೆಗೆ ಬಿಡುತ್ತೇವೆ, ಆಚೆ ಬದಿಯಲ್ಲಿ ಅದು ಎಲ್ಲಿ ಬಿತ್ತೋ ಅಲ್ಲೊಂದು ಚುಕ್ಕೆ ದಾಖಲಾಗುತ್ತೆ, ಎಂದು ವಿವರಿಸಿದರು. ಪರದೆಯ ಮೇಲೆ ಮೊದಲ ನೂರು ಚುಕ್ಕೆಗಳು ಕೈಜಾರಿ ಚೆಲ್ಲಿದ ಕಾಳಿನಂತಿದ್ದವು. ಸಾವಿರ ದಾಟಿದ ಮೇಲೆ ಪಟ್ಟೆಗಳು ಎದ್ದುಬಂದವು: ಒಂದು ಕಡೆ ದಟ್ಟ, ಪಕ್ಕದಲ್ಲಿ ಖಾಲಿ, ಮತ್ತೆ ದಟ್ಟ.

ಗೀಟಣ್ಣ ಬಹಳ ಹೊತ್ತು ನೋಡಿದ. "ಒಂದೊಂದೇ ಬರುತ್ತೆ ಅಂದ್ರಲ್ಲ ಮೇಡಂ. ಹಿಂದೆ ಬಂದವನ ಪರಿಚಯವೂ ಮುಂದಿನವನಿಗಿಲ್ಲ. ಮತ್ತೆ ಹೀಗೆ ಸಾಲಾಗಿ ನಿಲ್ಲೋಕೆ ಹೇಳಿದ್ಯಾರು?"

"ಎಲ್ಲಿ ಗುಂಪಾಗುತ್ತೆ ಅಂತ ಲೆಕ್ಕ ಹಾಕಿ ಹೇಳಬಲ್ಲೆ. ಯಾಕೆ ಅಂತ ಕೇಳಿದ್ರೆ ನಾನೂ ನಿಮ್ಮ ಹಾಗೇ ಬಾಯಿ ಬಿಟ್ಕೊಂಡು ನೋಡ್ತೀನಿ," ಎಂದರು ಅವರು.

ಅವನು ಕಂಡದ್ದನ್ನೇ ಗೋಡೆಗೆ ತರೋಣವೆಂದು ಹಿಂದೆಯೇ ಬಂದಿದ್ದ ಶಿಲ್ಪಿಯೂ ಒಪ್ಪಿ, ಗೋಡೆಯ ಜಗಳ ಅಲ್ಲಿಗೆ ಮುಗಿಯಿತು. ಆರು ಸಾವಿರ ಚುಕ್ಕೆಗಳನ್ನು ಗೀಟಣ್ಣ ಕೈಯಲ್ಲೇ ಇಡುವುದೆಂದು ತೀರ್ಮಾನವಾಯಿತು. ಪಟ್ಟೆಪಟ್ಟೆಯಾಗಿ ಇಟ್ಟರೆ ಬೇಗ ಮುಗಿಯುತ್ತೆ ಎಂದು ಅವನು ಹೇಳಿ ನೋಡಿದ. ವಿಜ್ಞಾನಿ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಬಿದ್ದ ಕ್ರಮದಲ್ಲೇ ಇಡಬೇಕು. ಅವನು ದಾರಕ್ಕೆ ಸೀಮೆಸುಣ್ಣ ಹಚ್ಚಿ ಗೋಡೆಗೆ ಚೌಕಗಳ ಗೀಟು ಹೊಡೆದ. ಯಾವುದು ಎಲ್ಲಿ ಬಿತ್ತೆಂದು ವಿಜ್ಞಾನಿ ಬರೆದುಕೊಟ್ಟ ಪಟ್ಟಿ ನೋಡಿ ಒಂದು ಚುಕ್ಕೆ ಈ ತುದಿಗೆ, ಮುಂದಿನದು ಆ ತುದಿಗೆ. ಏಣಿ ಎಳೆದೆಳೆದು ಮಂಡಿ ಸೋತುಹೋಯಿತು.

"ದಿನವಿಡೀ ಚುಕ್ಕೆ ಇಟ್ಟು ಬಂದ್ಯಾ?" ಎಂದು ರಾತ್ರಿ ಊಟಕ್ಕೆ ಕೂತಾಗ ಅಕ್ಕ ನಕ್ಕಳು. "ಚಿಕ್ಕವನಿದ್ದಾಗ ಗೋಡೆ ಗಲೀಜು ಮಾಡಿದ್ದಕ್ಕೆ ನನ್ನ ಕೈಲಿ ಒದೆ ತಿಂದಿದ್ದೆ. ಈಗ ದೊಡ್ಡ ಓದು ಓದಿದವರೇ ಕರೆದು ಮಾಡಿಸ್ತಾರೆ, ನೋಡು." ಉಂಡ ತಟ್ಟೆಗಳನ್ನು ಒಂದರ ಮೇಲೊಂದು ಇಡುತ್ತ, "ಅದು ಹೇಗೆ ಕಾಣುತ್ತೋ?" ಎಂದಳು.

ಅವನು ಹೇಳಲು ಹೊರಟ. ಎರಡು ಮಾತಿಗೇ ತಡವರಿಸಿದ. ಅಕ್ಕ, "ಹೋಗಲಿ ಬಿಡು," ಎಂದು ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಅವನು ಬಣ್ಣಕ್ಕೆ ಗೋಡೆಯ ಬಿರುಕು ಮುಚ್ಚುವ ಪುಟ್ಟಿ ಕಲಸಿ ಗಟ್ಟಿ ಮಾಡಿಕೊಂಡ. ಯಾರನ್ನೂ ಕೇಳಲಿಲ್ಲ. ಇಟ್ಟಿದ್ದ ಚುಕ್ಕೆಗಳ ಮೇಲೆಲ್ಲ ಇನ್ನೊಮ್ಮೆ ಇಟ್ಟು, ಹೊಸವನ್ನೂ ಸಾಸಿವೆ ಕಾಳಿನಂತೆ ಉಬ್ಬಿಸುತ್ತ ಹೋದ. ನಾಲ್ಕನೆಯ ದಿನ ಸಂಜೆಯ ಬಿಸಿಲು ಕಿಟಕಿಯಿಂದ ಓರೆಯಾಗಿ ಬಿದ್ದಾಗ ಒಂದೊಂದು ಚುಕ್ಕೆಗೂ ನೆರಳು ಮೂಡಿತು. ಶಿಲ್ಪಿಗೆ ಗೊತ್ತಾಗಿಹೋಯಿತು.

"ಗೋಡೆ ನುಣ್ಣಗಿರಬೇಕು ಅಂತ ಹೇಳಿದ್ದೆ. ನನ್ನನ್ನೊಂದು ಮಾತು ಕೇಳಬಾರದಿತ್ತಾ?"

"ತಪ್ಪಾಯ್ತಮ್ಮ. ನಮ್ಮಕ್ಕನಿಗೆ ಕಣ್ಣು ಕಾಣಲ್ಲ. ಬೆರಳಿಗಾದರೂ ಸಿಗಲಿ ಅಂತ… ಬೇಡ ಅಂದ್ರೆ ಕೆರೆದು ತೆಗೀತೀನಿ." ಅವನು ತಲೆ ತಗ್ಗಿಸಿ ನಿಂತ.

ಶಿಲ್ಪಿಯ ಜೊತೆಗಿದ್ದ ವಿಜ್ಞಾನಿ ಮುಂದೆ ಬಂದು ಕಣ್ಣು ಮುಚ್ಚಿ, ಗೋಡೆಗೆ ಅಂಗೈ ಒತ್ತಿ, ಮೆಲ್ಲಗೆ ಈ ಕೊನೆಯಿಂದ ಆ ಕೊನೆಗೆ ನಡೆದರು. ಮತ್ತೆ ವಾಪಸ್ಸು ಬಂದರು.

"ಹದಿನಾಲ್ಕು ವರ್ಷ ಇದನ್ನೇ ನೋಡಿದ್ದೀನಿ. ಖಾಲಿ ಜಾಗ ಇಷ್ಟು ನುಣುಪಾಗಿರುತ್ತೆ ಅಂತ ಗೊತ್ತಿರಲಿಲ್ಲ," ಎಂದರು. ಕಣ್ಣು ಒದ್ದೆಯಾಗಿದ್ದವು.

ಶಿಲ್ಪಿಯೂ ಮುಟ್ಟಿ ನೋಡಿದರು. ಆಮೇಲೆ ಮೂಲೆಗೆ ಹೋಗಿ, ಹಿಂದಿನ ವಾರ ಗೀಟಣ್ಣನೇ ಬರೆದಿದ್ದ 'ಮುಟ್ಟಬೇಡಿ' ಬೋರ್ಡನ್ನು ತಂದು ಅವನ ಕೈಗಿಟ್ಟರು. "ಇದಕ್ಕೆ ಬಿಳಿ ಬಳಿದು, 'ಮುಟ್ಟಿ ನೋಡಿ' ಅಂತ ಬರೀರಿ."

ಜನರಿಗೆ ಬಾಗಿಲು ತೆರೆಯುವ ಮುಂಚಿನ ದಿನ ಅಕ್ಕ ಬಂದಳು. ತಮ್ಮ ಅವಳ ಕೈ ಹಿಡಿದು ಗೋಡೆಗೆ ತಾಗಿಸಿದ. ಅವಳು ಹತ್ತೂ ಬೆರಳು ಆಡಿಸುತ್ತ ಹೆಜ್ಜೆ ಹೆಜ್ಜೆಯಾಗಿ ಸರಿದಳು.

"ಏಳು ಪಟ್ಟೆ. ನಡುವಿನದು ಎಲ್ಲಕ್ಕಿಂತ ದಟ್ಟ," ಎಂದಳು. ಒಂದು ಕಡೆ ಬೆರಳು ನಿಂತಿತು. "ಖಾಲಿಯಲ್ಲಿ ಒಂದೇ ಒಂದು ಕೂತಿದೆಯಲ್ಲೋ. ಕೈ ತಪ್ಪಿತಾ?"

"ಇಲ್ಲಮ್ಮ, ಅದು ಪಟ್ಟಿಯಲ್ಲಿದೆ. ನಿಜವಾಗ್ಲೂ ಅಲ್ಲೇ ಬಿದ್ದದ್ದು," ಎಂದರು ವಿಜ್ಞಾನಿ.

"ಹಾಗಾದರೆ ಇರಲಿ, ಪಾಪ." ಅಕ್ಕ ಆ ಚುಕ್ಕೆಯನ್ನು ಎರಡು ಸಲ ಸವರಿದಳು. ಆಮೇಲೆ ತಮ್ಮನ ಕೈ ಹುಡುಕಿ ಹಿಡಿದು, ಒಂದೊಂದೇ ಬೆರಳು ಮುಟ್ಟಿ ನೋಡಿದಳು. "ಗೆಣ್ಣೆಲ್ಲ ಊದಿಕೊಂಡಿದೆ. ನನ್ನ ಹತ್ತಿರ ಹೇಳಲೇ ಇಲ್ಲ." ಅವನು ಕೈ ಎಳೆದುಕೊಳ್ಳಲಿಲ್ಲ. ಅವಳೂ ಕೈ ಬಿಡಲಿಲ್ಲ.

ಮೂರು ತಿಂಗಳಿಗೆಂದು ಮಾಡಿದ ಗೋಡೆ ಎರಡು ವರ್ಷವಾದರೂ ಹಾಗೇ ಇದೆ. ಮಕ್ಕಳ ಕೈಗೆ ಎಟುಕುವ ಎತ್ತರದ ಚುಕ್ಕೆಗಳು ಬೇಗ ಸವೆಯುತ್ತವೆ. ತಿಂಗಳಿಗೊಮ್ಮೆ ಅಕ್ಕ ತಮ್ಮ ಇಬ್ಬರೂ ಹೋಗುತ್ತಾರೆ. ಯಾವುದು ಉದುರಿದೆ ಎಂದು ಬೆರಳಾಡಿಸಿ ಹೇಳುವುದು ಅಕ್ಕನ ಕೆಲಸ, ಪಟ್ಟಿ ಹಿಡಿದು ಸರಿ ನೋಡುವುದು ವಿಜ್ಞಾನಿಯದು. ಅವರಿಬ್ಬರೂ ಮಾತಿಗೆ ಕೂತರೆಂದರೆ ಗೀಟಣ್ಣನಿಗೆ ಸರದಿ ಸಿಗುವುದಿಲ್ಲ. ಅವನು ಪುಟ್ಟಿ ಕಲಸುತ್ತ ಕೇಳಿಸಿಕೊಳ್ಳುತ್ತಾನೆ.