ನೀಲಿ ಕೈಯ ಬೋರ್ಡು

ಬಸವರಾಜ, ಅಂದು ನೀನು ಹೇಳಿದ ಮಾತನ್ನು ನಾನು ತಿರುಚಿದೆ. ಗಾಬರಿಯಲ್ಲಿ ಬಾಯಿ ತಪ್ಪಿ ಅಲ್ಲ — ಬೇಕೆಂದೇ. ಫ್ಯಾಕ್ಟರಿಯ ಮ್ಯಾನೇಜರರಿಗೆ ಕನ್ನಡ ಬಾರದು, ನಿನಗೆ ಮರಾಠಿ ಬಾರದು. ಆಸ್ಪತ್ರೆಯ ಆ ಕೋಣೆಯಲ್ಲಿ ಎರಡೂ ಬರುವವನು ನಾನೊಬ್ಬನೇ ಇದ್ದೆ.

ಎಂಬತ್ತರ ದಶಕದ ಆರಂಭವದು. ಉಡುಪಿ ಕಡೆಯಿಂದ ಬಂದ ನಾನು ಮುಂಬಯಿ ಪಕ್ಕದ ಠಾಣೆಯಲ್ಲಿ ಮಾವನ ಹೋಟೆಲಿನ ಮಾಳಿಗೆಯಲ್ಲಿದ್ದುಕೊಂಡು, ಸಂಜೆಯ ಕ್ಲಾಸಿನಲ್ಲಿ ಕಮರ್ಷಿಯಲ್ ಆರ್ಟ್ ಕಲಿತವನು. ಚಿಹ್ನೆಗೆ ತನ್ನದೇ ಅರ್ಥವೆಂಬುದಿಲ್ಲ, ನೋಡುವವನು ಅದನ್ನು ಮೊದಲು ಎಲ್ಲಿ ಕಂಡನೋ ಅಲ್ಲಿಂದ ಅರ್ಥ ಬರುತ್ತದೆ ಎಂದು ನಮ್ಮ ಸರ್ ಹೇಳುತ್ತಿದ್ದರು. ಪರೀಕ್ಷೆಯಲ್ಲಿ ಅದನ್ನು ಚೆನ್ನಾಗಿಯೇ ಬರೆದೆ. ಬರೆದೆ, ಅಷ್ಟೇ.

ಹೋಟೆಲಿನ ಬೇಸಿನ್ ಮೇಲೆ ನಾನೇ ಒಂದು ಬೋರ್ಡು ಮಾಡಿ ಹಾಕಿದ್ದೆ — ಬಿಳಿ ತಗಡಿನ ಮೇಲೆ ನೀಲಿ ಕೈ, ಅದರ ಮೇಲೆ ಬೀಳುವ ಹನಿಗಳು. ಓದು ಬಾರದ ಗಿರಾಕಿಗಳೂ ಸೀದಾ ಅಲ್ಲಿಗೇ ಹೋಗಿ ಕೈ ತೊಳೆಯುತ್ತಿದ್ದರು. ನನಗೆ ಹೆಮ್ಮೆಯೋ ಹೆಮ್ಮೆ! ಮರುವರ್ಷ ಹತ್ತಿರದ ರಬಾಳೆಯ ಒಂದು ಕೆಮಿಕಲ್ ಫ್ಯಾಕ್ಟರಿಯವರು ಆಸಿಡ್ ಟಾಂಕಿಗೆ ಎಚ್ಚರಿಕೆಯ ಬೋರ್ಡು ಕೇಳಿದರು. ಆಸಿಡ್ ಬಿದ್ದರೆ ಕೈ ಸುಡುತ್ತದೆ ಎಂದು ಚಿತ್ರದಲ್ಲಿ ತೋರಿಸಬೇಕಿತ್ತು. ಆ ಕೈ, ಆ ಹನಿಗಳ ಸ್ಟೆನ್ಸಿಲ್ ಹೇಗೂ ಇತ್ತು, ನೀಲಿ ಬಣ್ಣವೂ ಉಳಿದಿತ್ತು... ಕೆಳಗೆ ಇಂಗ್ಲಿಷಿನಲ್ಲಿ 'ಡೇಂಜರ್' ಎಂದು ಬರೆದು ಕೊಟ್ಟೆ. ಆಫೀಸಿನವರೆಲ್ಲ ಓದಿ ತಲೆದೂಗಿದರು. ಲೋಡಿಂಗಿನವರಿಗೆ ತೋರಿಸಬೇಕೆಂದು ನನಗೆ ಹೊಳೆಯಲೇ ಇಲ್ಲ.

ನೀನು ರಾಯಚೂರಿನ ಕಡೆಯಿಂದ ಆಗಷ್ಟೇ ಆ ಫ್ಯಾಕ್ಟರಿಗೆ ಲೋಡಿಂಗ್ ಕೆಲಸಕ್ಕೆ ಬಂದಿದ್ದೆ. ರಜೆಯ ದಿನ ಕನ್ನಡ ಮಾತು ಕೇಳಲೆಂದೇ ಮಾವನ ಹೋಟೆಲಿಗೆ ಬರುತ್ತಿದ್ದೆ. ಒಂದು ಮಧ್ಯಾಹ್ನ ಫ್ಯಾಕ್ಟರಿಯಲ್ಲಿ, ಊಟಕ್ಕೆ ಮುಂಚೆ, ನೀನು ಧೂಳು ಮೆತ್ತಿದ ಎರಡೂ ಕೈಗಳನ್ನು ಆ ಟಾಂಕಿಯ ನಲ್ಲಿ ತಿರುಗಿಸಿ ಒಡ್ಡಿದೆ.

ಹೇಗಾಯಿತೆಂದು ನಿನ್ನನ್ನು ಕೇಳಲು ಮ್ಯಾನೇಜರ್ ನನ್ನನ್ನು ಆಸ್ಪತ್ರೆಗೆ ಕರೆಸಿದರು. ನೀನು ಹೇಳಿದೆ:

"ಬೋರ್ಡ್ ನೋಡೇ ಕೈ ಇಟ್ಟೀನ್ರಿ ಅಣ್ಣಾರ. ನಿಮ್ಮ ಹೋಟೆಲ್‌ದಾಗ ಕೈ ತೊಳಿಯೋ ಜಾಗಕ್ಕ ಇದೇ ಚಿತ್ರ ಅದಲ್ರೀ?"

"ಕಾಯ್ ಮ್ಹಣತೋ?" ಮ್ಯಾನೇಜರ್ ನನ್ನತ್ತ ತಿರುಗಿದರು.

ಏನಂತಾನೆ... ನನ್ನ ಹೆಸರು, ಬರಬೇಕಿದ್ದ ಕೆಲಸಗಳು, ಎಲ್ಲ ಒಮ್ಮೆಲೇ ಕಣ್ಣ ಮುಂದೆ ಬಂದವು.

"ಬೋರ್ಡ್ ಪಾಹಿಲಾಚ್ ನಾಹೀ ಮ್ಹಣತೋ," ಅಂದೆ. ಬೋರ್ಡನ್ನು ನೋಡಲೇ ಇಲ್ಲವಂತೆ ಎಂದೆ.

ನಿನ್ನ ಮಾತನ್ನೇ ಹೇಳಿದೆನೆಂದು ನಂಬಿ ನೀನು ತಲೆಯಾಡಿಸಿದೆ. "ಭಾಳ ಉಪಕಾರ ಆತ್ರಿ," ಅಂದೆ.

ತಪ್ಪು ನಿನ್ನದೇ ಎಂದಾಯಿತು. ಬೆರಳು ಮಡಚಲಾಗದ ಕೈಗಳಿಗೆ ಅಲ್ಲಿ ಮತ್ತೆ ಕೆಲಸ ಸಿಗಲಿಲ್ಲ. ನಾನು ಮರುದಿನವೇ ಹೋಟೆಲಿನ ಬೋರ್ಡನ್ನು ಇಳಿಸಿ ಬಣ್ಣ ಬಳಿದೆ. ಫ್ಯಾಕ್ಟರಿಯದನ್ನು ಮಾತ್ರ ಮುಟ್ಟಲಿಲ್ಲ — ಬದಲಿಸಿದರೆ ಒಪ್ಪಿಕೊಂಡಂತಾಗುತ್ತದಲ್ಲ! ಅದು ಎಷ್ಟೋ ಕಾಲ ಅಲ್ಲೇ ಇತ್ತು. ಮತ್ಯಾರೂ ಕೈ ಒಡ್ಡಲಿಲ್ಲ ಎಂಬುದು ಅವರ ಅದೃಷ್ಟ, ನನ್ನ ಪುಣ್ಯವಲ್ಲ.

ನಿನ್ನನ್ನು ಹುಡುಕಿದೆ ಎಂದರೆ ಇನ್ನೊಂದು ಸುಳ್ಳಾಗುತ್ತದೆ. ಹುಡುಕಲಿಲ್ಲ, ಸಿಕ್ಕಿಬಿಟ್ಟರೆ ಎಂದು ಹೆದರಿದೆ. ನಾಚಿಕೆಯಾಗುತ್ತದೆ. ಅಂದು ಮರಾಠಿಯಲ್ಲಿ ಹೇಳಬೇಕಿದ್ದುದನ್ನು ಇಂದು, ಕೇಳಬೇಕಿದ್ದವರು ಯಾರೂ ಇಲ್ಲದಿರುವಾಗ, ಕನ್ನಡದಲ್ಲಿ ಹೇಳುತ್ತಿದ್ದೇನೆ — ನೀನು ನೋಡಿದ್ದೆ, ಬಸವರಾಜ. ನೋಡಿ, ನನ್ನನ್ನು ನಂಬಿಯೇ ಕೈ ಒಡ್ಡಿದ್ದೆ.